ವೈದ್ಯಶಿಕ್ಷಣದಲ್ಲಿ ಮಾತಿನ ಪಾಠ

ವ್ಯಾಕರಣ, ಛಂದಸ್ಸುಗಳನ್ನು ಹೇಳಿಕೊಡುತ್ತ ಕೂದಲು ನರೆಯಿಸಿಕೊಂಡ ನನ್ನಂಥವನು ವೈದ್ಯಶಿಕ್ಷಣದ ವಿಷಯದಲ್ಲಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ವಾಚಕರಲ್ಲಿ ಕೆಲವರಿಗಾದರೂ ತೋರಬಹುದು. ಸ್ಮರಣ ಸಂಚಿಕೆಯ ಸಂಪಾದಕರು ನನ್ನಿಂದ ನಿರೀಕ್ಷಿಸಿದ್ದು ಬಹುಶಃ ಷಟ್ಪದಿಯನ್ನು ಕುರಿತ ಬರಹವೊಂದನ್ನು. ಆದರೆ ಈ ಶಾಲೆಯಲ್ಲಿ ಓದಿ ವೈದ್ಯರಾದವರು, ಮಕ್ಕಳನ್ನು ವೈದ್ಯರನ್ನಾಗಿ ಮಾಡಿದವರು, ಆಸ್ಪತ್ರೆಗಳಿಗೆ ಕೊಠಡಿ ಕಟ್ಟಿಸಿಕೊಟ್ಟ ದಾನಿಗಳು ಈ ಪುಟಗಳನ್ನು ಓದುತ್ತಾರೆ. ಅವರ ಮುಂದಿಡಬೇಕಾದ ವಿಚಾರವೊಂದು ಕೆಲವು ವರ್ಷಗಳಿಂದ ನನ್ನಲ್ಲೇ ಉಳಿದುಕೊಂಡಿದೆ. ಅದು ಮಾತನ್ನೇ ಕುರಿತದ್ದಾದುದರಿಂದ ಕನ್ನಡ ಪಂಡಿತನಿಗೂ ಅದರಲ್ಲಿ ಕಿಂಚಿತ್ ಅಧಿಕಾರ ಉಂಟೆಂದು ಭಾವಿಸಿದ್ದೇನೆ.

ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ಮನೋಭಾವ, ನೀತಿ ಮತ್ತು ಸಂವಹನ ಎಂಬ ಮೂರು ವಿಷಯಗಳನ್ನು ಕೂಡಿಸಿ ಒಂದು ಪಾಠಕ್ರಮವನ್ನು ಸಿದ್ಧಪಡಿಸಿತು. ಅದರ ಆಂಗ್ಲ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಏಟ್‌ಕಾಮ್’ ಎನ್ನುತ್ತಾರೆ. 2019ರಲ್ಲಿ ಎಂ.ಬಿ.ಬಿ.ಎಸ್. ತರಗತಿಗೆ ಪ್ರವೇಶ ಪಡೆದವರಿಂದ ಮೊದಲ್ಗೊಂಡು ಇದು ಎಲ್ಲ ವೈದ್ಯವಿದ್ಯಾರ್ಥಿಗಳಿಗೂ ಕಡ್ಡಾಯವಾಯಿತು. 2020ರಲ್ಲಿ ಪರಿಷತ್ತಿನ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗವು ಬಂದಿತು. ಪಾಠ ಮಾತ್ರ ಉಳಿಯಿತು. ಪದವೀಧರ ವೈದ್ಯನಿಗೆ ಇರಬೇಕಾದ ಐದು ಪಾತ್ರಗಳಲ್ಲಿ ಸಂವಾದಿಯ ಪಾತ್ರವೂ ಒಂದೆಂದು ಈ ವ್ಯವಸ್ಥೆ ಹೇಳುತ್ತದೆ. ರೋಗವನ್ನಲ್ಲ, ರೋಗಿಯನ್ನು ಕೇಂದ್ರದಲ್ಲಿರಿಸಿ ಮಾತನಾಡುವುದನ್ನು ಕಲಿಸಬೇಕೆಂಬುದು ಇದರ ತಿರುಳು. ಆ ಮೊದಲ ವರ್ಷ ಆರಂಭದ ಒಂದು ತಿಂಗಳ ಪಾಠಕ್ಕೆ ಗೊತ್ತುಮಾಡಿದ್ದ 175 ಗಂಟೆಗಳಲ್ಲಿ 40 ಗಂಟೆಗಳನ್ನು ಭಾಷೆ ಮತ್ತು ಗಣಕಯಂತ್ರದ ಅಭ್ಯಾಸಕ್ಕೆ ತೆಗೆದಿರಿಸಿದ್ದರು. ಕನ್ನಡವನ್ನೂ ಗಣಕಯಂತ್ರವನ್ನೂ ಒಂದೇ ಗೂಟಕ್ಕೆ ಕಟ್ಟಿದ ಜಾಣತನ ಯಾರದೋ ತಿಳಿಯದು. ಅದೇನೇ ಇರಲಿ, ಆ ಗೂಟದ ದೆಸೆಯಿಂದ ನಮ್ಮ ಭಾಗದ ವೈದ್ಯಕೀಯ ಮಹಾವಿದ್ಯಾಲಯವೊಂದರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕನ್ನಡ ಹೇಳಿಕೊಡುವಂತೆ ನನಗೆ ಕರೆ ಬಂದಿತು.

ಸರಕಾರಿ ಕಾಲೇಜುಗಳ ನೂರಕ್ಕೆ 15 ಸ್ಥಾನಗಳು ಅಖಿಲ ಭಾರತದ ಪಾಲಿಗೆ ಸೇರಿದವು. ಖಾಸಗಿ ಕಾಲೇಜುಗಳಲ್ಲಿಯೂ ಹೊರನಾಡಿನ ವಿದ್ಯಾರ್ಥಿಗಳು ವಿಪುಲವಾಗಿರುತ್ತಾರೆ. ನನ್ನ ಮುಂದೆ ಕುಳಿತವರಲ್ಲಿ ರಾಜಸ್ಥಾನದವರಿದ್ದರು, ಕೇರಳದವರಿದ್ದರು, ದೆಹಲಿಯವರಿದ್ದರು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು ಮನೆಯ ಕೆಲಸದವಳೊಡನೆ ಮಾತ್ರ ಕನ್ನಡ ಆಡಿದವರೂ ಇದ್ದರು. ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ವರ್ಣಮಾಲೆಯಿಂದ ಆರಂಭಿಸಿದೆ, ಆಮೇಲೆ ಬಹಳ ಶ್ರಮಪಟ್ಟು ವೈದ್ಯಕೀಯ ಶಬ್ದಗಳದೊಂದು ಪಟ್ಟಿ ಮಾಡಿಕೊಟ್ಟೆ. ರಕ್ತಹೀನತೆ, ಜೀರ್ಣಾಂಗ, ಶ್ವಾಸಕೃಚ್ಛ್ರ, ಮಲವಿಸರ್ಜನೆ. ಎಲ್ಲವೂ ಶುದ್ಧ, ಸಂಧಿ ಸಮಾಸಗಳಲ್ಲಿ ಎಲ್ಲಿಯೂ ದೋಷವಿಲ್ಲ. ರಾಜಸ್ಥಾನದ ಹುಡುಗನೊಬ್ಬ ಅದನ್ನು ಶ್ರದ್ಧೆಯಿಂದ ಕಂಠಪಾಠ ಮಾಡಿದ. ಒಂದು ದಿನ ವಾರ್ಡಿಗೆ ನನ್ನನ್ನೂ ಕರೆದೊಯ್ದು ಹಾಸಿಗೆಯಲ್ಲಿದ್ದ ಮುದುಕಿಯನ್ನು, “ಮಲವಿಸರ್ಜನೆ ಕ್ರಮಬದ್ಧವಾಗಿ ಆಗುತ್ತಿದೆಯೇ?” ಎಂದು ಸ್ಪಷ್ಟವಾಗಿ ಕೇಳಿದ. ಆಕೆ ಕೈ ಮುಗಿದು ಸೊಸೆಯ ಕಡೆ ತಿರುಗಿ, “ಈ ಹುಡುಗ ಏನೋ ಮಂತ್ರ ಹೇಳಾಕತ್ತಾನ, ನೀ ಸ್ವಲ್ಪ ಕೇಳವಾ” ಎಂದಳು. ಅಲ್ಲಿದ್ದ ನರ್ಸು ನಗುತ್ತ ಬಂದು, “ಅವ್ವಾರ, ಬೆಳಿಗ್ಗೆ ಹೊರಕಡೆ ಹೋಗಿದ್ರೇನು?” ಎಂದಳು. ಉತ್ತರ ತಡೆಯಿಲ್ಲದೆ ಬಂದಿತು. ಆ ವರ್ಷದ ಪಟ್ಟಿಯನ್ನು ನಾನು ಹರಿದುಹಾಕಿದೆ.

ಅನಂತರ ಮಾಡಿದ ಕೆಲಸವೆಂದರೆ ಹೊರರೋಗಿಗಳ ವಿಭಾಗದ ಬೆಂಚಿನ ಮೇಲೆ ಕುಳಿತು ಕೇಳುವುದು. ಜನ ತಮ್ಮ ಬೇನೆಯನ್ನು ಯಾವ ಮಾತಿನಲ್ಲಿ ಹೇಳುತ್ತಾರೆಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ‘ಸುಸ್ತು’ ಎಂಬ ಒಂದೇ ಶಬ್ದವನ್ನು ನೋಡಿರಿ. ಒಬ್ಬನಿಗೆ ಅದು ನಿತ್ರಾಣ, ಇನ್ನೊಬ್ಬನಿಗೆ ನಾಲ್ಕು ಮೆಟ್ಟಿಲೇರಿದರೆ ಬರುವ ಏದುಸಿರು, ಮೂರನೆಯವನಿಗೆ ಪ್ರಜ್ಞೆ ತಪ್ಪಿ ಬಿದ್ದದ್ದು. ವೈದ್ಯನ ದೃಷ್ಟಿಯಲ್ಲಿ ಇವು ಮೂರೂ ಬೇರೆ ಬೇರೆ ದಾರಿಗಳು: ಒಂದು ರಕ್ತದ ಪರೀಕ್ಷೆಗೆ, ಒಂದು ಹೃದಯದ ಪರೀಕ್ಷೆಗೆ, ಒಂದು ಮಿದುಳಿನ ಕಡೆಗೂ ಹೋಗಬಹುದು. ‘ಜಡ್ಡು’ ಎಂದರೆ ನಮ್ಮ ಭಾಗದಲ್ಲಿ ಕಾಯಿಲೆ. ಮೈಸೂರಿನವನಿಗೆ ಅದು ಕೈಕಾಲಿನ ಚರ್ಮ ಗಟ್ಟಿಯಾದದ್ದು. ‘ದಮ್ಮು’, ‘ಕಾಮಣಿ’, ‘ಲಕ್ವ’ ಇವುಗಳನ್ನು ಬಲ್ಲವರಿಗೆ ಮುಚ್ಚುಮರೆಯಿಲ್ಲ. ಹೆಂಗಸರು ಮುಟ್ಟಿನ ವಿಷಯವನ್ನು ಹೇಳುವ ‘ಹೊರಗಾಗುವುದು’, ‘ಕಡಿಗಾಗುವುದು’ ಎಂಬ ಮಾತುಗಳನ್ನು ಅರಿಯದ ವಿದ್ಯಾರ್ಥಿ ಆಕೆ ಎಲ್ಲಿಗೆ ಹೋದಳೆಂದು ಕೇಳಿದ್ದುಂಟು. ಎಲ್ಲಕ್ಕಿಂತ ಅಪಾಯಕಾರಿಯಾದುದು ‘ಗ್ಯಾಸ್ಟ್ರಿಕ್’. ಈಗ ಅದು ಅಚ್ಚಗನ್ನಡ ಶಬ್ದವಾಗಿಬಿಟ್ಟಿದೆ. ಎದೆ ಹಿಡಿದು ಬೆವರುತ್ತಿದ್ದವನೂ “ಗ್ಯಾಸ್ಟ್ರಿಕ್ ಆಗೈತ್ರಿ” ಎನ್ನುತ್ತಾನೆ. ಅದನ್ನು ಹಾಗೆಯೇ ಬರೆದುಕೊಂಡು ಮಾತ್ರೆ ಕೊಟ್ಟು ಕಳಿಸುವ ವೈದ್ಯನಿಗೆ ಹೃದಯಾಘಾತ ಕೈತಪ್ಪಿಹೋಗಬಹುದು. ವೈದ್ಯರು ಆಡುವ ಮಾತೂ ಹೀಗೆಯೇ ದಾರಿ ತಪ್ಪುತ್ತದೆ. ‘ಪಾಸಿಟಿವ್’ ಬಂದಿದೆಯೆಂದರೆ ಒಳ್ಳೆಯದಾಯಿತೆಂದು ತಿಳಿದು ಮನೆಗೆ ಹೋದವರಿದ್ದಾರೆ. ದಿನಕ್ಕೆ ಮೂರು ಬಾರಿ ಊಟದ ಅನಂತರ ಎಂದು ಬರೆದ ಮಾತ್ರೆಯನ್ನು ಎರಡೇ ಹೊತ್ತು ಉಣ್ಣುವ ಕೂಲಿಯಾಳು ಎರಡೇ ಬಾರಿ ನುಂಗುತ್ತಾನೆ. ಅವನು ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದಾನೆ.

ಕನ್ನಡದಲ್ಲಿ ವೈದ್ಯವನ್ನು ಹೇಳಲಾಗದೆಂಬ ಆಕ್ಷೇಪ 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದಾಗಲೇ ಬಿದ್ದುಹೋಯಿತು. ನಮ್ಮ ಕಾಲಕ್ಕೆ ಬಂದರೆ ‘ರಾಶಿ’ ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ, ಡಾ. ಅನುಪಮಾ ನಿರಂಜನ, ಡಾ. ಡಿ. ಎಸ್. ಶಿವಪ್ಪ ಮೊದಲಾದವರು ಕನ್ನಡದಲ್ಲಿ ವೈದ್ಯಸಾಹಿತ್ಯವನ್ನು ಬೆಳೆಸಿದರು. ಆದರೆ ಬರೆಯುವ ಕನ್ನಡ ಬೇರೆ, ಹಾಸಿಗೆಯ ಪಕ್ಕದ ಕನ್ನಡ ಬೇರೆ. ಎರಡನೆಯದಕ್ಕೆ ಶುದ್ಧಿಯ ಹಟ ಸಲ್ಲದು. ‘ಶುಗರ್’ ಎಂದು ರೋಗಿ ಹೇಳಿದರೆ ವೈದ್ಯನೂ ‘ಶುಗರ್’ ಎನ್ನತಕ್ಕದ್ದೇ ಹೊರತು ಮಧುಮೇಹವೆಂದು ತಿದ್ದತಕ್ಕದ್ದಲ್ಲ. ಕನ್ನಡ ಪಂಡಿತನೊಬ್ಬನು ಹೀಗೆ ಬರೆದನೆಂದು ನನ್ನ ಮಿತ್ರರು ಕೋಪಿಸಿಕೊಳ್ಳುವರೆಂದು ಬಲ್ಲೆ.

ಶಬ್ದಗಳಿಗಿಂತ ಸೂಕ್ಷ್ಮವಾದುದು ಕ್ರಿಯಾಪದ. ಹೊರನಾಡಿನ ವಿದ್ಯಾರ್ಥಿಗಳು ವಾರ್ಡಿನ ಗದ್ದಲದಲ್ಲಿ ಕೇಳಿ ಕಲಿಯುವ ಕನ್ನಡವೆಲ್ಲ ವಿಧ್ಯರ್ಥದ ಏಕವಚನ: ಬಾ, ಕೂಡು, ಬಾಯಿ ತೆಗಿ, ಅಂಗಿ ಎತ್ತು, ಉಸಿರು ಹಿಡಿ. ಇಪ್ಪತ್ತು ವರ್ಷದ ಹುಡುಗಿ ಎಪ್ಪತ್ತು ವರ್ಷದ ಯಜಮಾನರಿಗೆ ಹೀಗೆ ಅಪ್ಪಣೆ ಮಾಡುವಾಗ ಆಕೆಯ ಮನಸ್ಸಿನಲ್ಲಿ ಅಗೌರವದ ಲೇಶವೂ ಇರುವುದಿಲ್ಲ. ಆಕೆಗೆ ಬೇರೆ ರೂಪವನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ‘ಕೂಡ್ರಿ ಅಜ್ಜಾರ, ಬಾಯಿ ತೆಗೀರಿ’ ಎಂಬಲ್ಲಿ ಬರುವ ‘ರಿ’ ಎಂಬ ಒಂದಕ್ಷರವನ್ನು ಹಿಡಿಸುವುದಕ್ಕೆ ನಾನು ಒಂದು ಪೂರ್ತಿ ತರಗತಿಯನ್ನು ವಿನಿಯೋಗಿಸಿದೆ. ನನ್ನ ಪಾಠಗಳಲ್ಲೆಲ್ಲ ಅದೇ ಹೆಚ್ಚು ಉಪಯೋಗಕ್ಕೆ ಬಂದದ್ದೆಂದು ಅವರೇ ಹೇಳುತ್ತಾರೆ. ಹಳ್ಳಿಯ ಮುದುಕಿ ವೈದ್ಯನನ್ನು “ಯಪ್ಪಾ, ನೀ ದೇವರಿದ್ದಂಗ” ಎಂದು ಏಕವಚನದಲ್ಲಿ ಕರೆಯುತ್ತಾಳಲ್ಲ ಎಂದು ಒಬ್ಬ ವಾದಿಸಿದ. ಅದು ಅಕ್ಕರೆಯ ಏಕವಚನ. ಅದನ್ನು ಸ್ವೀಕರಿಸಬಹುದೇ ಹೊರತು ಹಿಂದಿರುಗಿ ಕೊಡುವ ಅಧಿಕಾರ ಕಿರಿಯನಿಗೆ ಬರುವುದಿಲ್ಲ.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಮನೆಯ ವಿಷಯವೊಂದನ್ನು ಹೇಳಬೇಕಾಗಿದೆ.

ನಮ್ಮ ಹಿರಿಯಣ್ಣನವರು ಒಕ್ಕಲುತನ ಮಾಡಿಕೊಂಡು ಊರಲ್ಲೇ ಇದ್ದವರು. ಒಂದು ವರ್ಷ ದೀಪಾವಳಿ ಕಳೆದ ಮೇಲೆ ಅವರನ್ನು ಪಟ್ಟಣದ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದೆ. ಏನಾಗಿದೆಯೆಂದು ವೈದ್ಯರು ಕೇಳಿದರು. ಅಣ್ಣನವರು, “ಶೀಗಿ ಹುಣ್ಣಿವಿ ದಿವಸ ಹೊಲದಾಗ ಚರಗ ಚೆಲ್ಲಿ ಉಣ್ಣಾಕ ಕುಂತಿದ್ದೆವ್ರಿ...” ಎಂದು ಆರಂಭಿಸಿದರು. ವೈದ್ಯರು ನಕ್ಕು, “ಹುಣ್ಣಿಮೆಯ ಕಥೆ ಇರಲಿ, ಈಗ ಏನು ತೊಂದರೆ? ಗಂಟಲು ನೋವೇ?” ಎಂದರು. ಅಣ್ಣನವರು ಒಂದು ಕ್ಷಣ ಸುಮ್ಮನಿದ್ದು “ಹೂಂರಿ” ಎಂದರು. ಗಂಟಲಿನ ಔಷಧಿ ಬರೆದುಕೊಟ್ಟರು. ಸಂಕ್ರಾಂತಿಯವರೆಗೆ ಅದೇ ಔಷಧಿ ನಡೆಯಿತು. ಹುಣ್ಣಿಮೆಯ ದಿನ ರೊಟ್ಟಿಯ ತುತ್ತು ಎದೆಯಲ್ಲಿ ನಿಂತುಬಿಟ್ಟಿತ್ತು. ಆಮೇಲೆ ಅನ್ನವೂ ನಿಲ್ಲತೊಡಗಿತು. ಸಂಕ್ರಾಂತಿಯ ಹೊತ್ತಿಗೆ ಗಂಜಿ ಮಾತ್ರ ಇಳಿಯುತ್ತಿತ್ತು. ಮೊದಲು ಗಟ್ಟಿ ಪದಾರ್ಥ, ಬಳಿಕ ಮೆತ್ತನೆಯದು, ಕಡೆಗೆ ನೀರಿನಂಥದ್ದು ಈ ಕ್ರಮದಲ್ಲಿ ತಡೆಯಾಗುತ್ತ ಬಂದರೆ ಅನ್ನನಾಳದಲ್ಲಿ ಗಡ್ಡೆಯನ್ನು ಶಂಕಿಸಬೇಕೆಂಬುದು ವೈದ್ಯವಿದ್ಯಾರ್ಥಿಗಳ ಪಠ್ಯದಲ್ಲೇ ಇದೆಯೆಂದು ಬಹಳ ತಡವಾಗಿ ತಿಳಿದೆ. ಅಣ್ಣನವರು ಅದನ್ನು ಹೇಳಲೆಂದೇ ಬಾಯಿ ತೆರೆದಿದ್ದರು. ಮೂರು ತಿಂಗಳು ಮೊದಲೇ ತಿಳಿದಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಅವರ ಮಾತು ಅರ್ಧಕ್ಕೆ ನಿಂತಿತೆಂದಷ್ಟೇ ಹೇಳಬಲ್ಲೆ.

ಎರಡನೆಯ ಘಟ್ಟ ದೊಡ್ಡ ಆಸ್ಪತ್ರೆಯದು. ಅಲ್ಲಿಯ ತಪ್ಪಿನಲ್ಲಿ ನನ್ನ ಪಾಲೂ ಇದೆ. ರೋಗ ಇಂಥದ್ದೆಂದು ಗೊತ್ತಾದಾಗ, ಅಣ್ಣನವರಿಗೆ ಹೇಳಬೇಡಿರೆಂದು ವೈದ್ಯರನ್ನು ಕೈಮುಗಿದು ಬೇಡಿಕೊಂಡವನು ನಾನೇ. ಅವರು ಒಪ್ಪಿದರು. ಮರುದಿನದಿಂದ ಹಾಸಿಗೆಯ ಒಂದು ಪಕ್ಕದಲ್ಲಿ ಅವರು, ಇನ್ನೊಂದು ಪಕ್ಕದಲ್ಲಿ ನಾನು, ಅಣ್ಣನವರ ಮೈಮೇಲಿಂದ ಇಂಗ್ಲಿಷಿನಲ್ಲಿ ಮಾತನಾಡತೊಡಗಿದೆವು. ಅಣ್ಣನವರು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಬಿಡುಗಡೆಯಾಗಿ ಊರಿಗೆ ಬರುವಾಗ ಬಸ್ಸಿನಲ್ಲಿ, “ತಮ್ಮಾ, ನನ್ನ ಮುಂದ ನಿಂತು ನನ್ನ ಸುದ್ದಿ ಆಡಿದ್ರಿ. ನಾ ಒಬ್ಬನ ಕೇಳಬಾರದಿತ್ತೇನು?” ಎಂದರು. ಅವರಿಗೆ ತಿಳಿದಿತ್ತು. ಹೊಲದ ಹಂಚಿಕೆ, ಕಿರಿಯ ಮಗಳ ಮದುವೆ ಇವನ್ನೆಲ್ಲ ಮಾತನಾಡಲು ಅವರು ಕಾದಿದ್ದರು. ಮಾತನಾಡಿದರೆ ನಮಗೆ ನೋವಾದೀತೆಂದು ಸುಮ್ಮನಿದ್ದರು. ನಾವು ಅವರಿಂದ ಮುಚ್ಚಿಟ್ಟೆವು, ಅವರು ನಮ್ಮಿಂದ ಮುಚ್ಚಿಟ್ಟರು. ಹೀಗೆ ನಾಲ್ಕು ತಿಂಗಳು ಕಳೆದವು.

ನಮ್ಮ ವ್ಯಾಕರಣದಲ್ಲಿ ಮಾತನಾಡುವವನು ಉತ್ತಮಪುರುಷ, ಎದುರಿಗಿದ್ದು ಕೇಳುವವನು ಮಧ್ಯಮಪುರುಷ, ಅಲ್ಲಿಲ್ಲದವನು ಪ್ರಥಮಪುರುಷ. ಮೂವತ್ತು ವರ್ಷ ಇದನ್ನು ಮಕ್ಕಳಿಗೆ ಹೇಳಿಕೊಟ್ಟವನು, ಎದುರಿಗೇ ಇದ್ದ ಅಣ್ಣನನ್ನು ಪ್ರಥಮಪುರುಷನನ್ನಾಗಿ ಮಾಡಿಬಿಟ್ಟಿದ್ದೆ. ರೋಗಿಕೇಂದ್ರಿತ ಸಂವಹನವೆಂಬ ಉದ್ದದ ಹೆಸರಿನಲ್ಲಿ ವೈದ್ಯವಿದ್ಯಾರ್ಥಿಗಳಿಗೆ ಕಲಿಸಬೇಕೆನ್ನುತ್ತಿರುವುದು, ನನ್ನ ತಿಳಿವಳಿಕೆಯಲ್ಲಿ, ರೋಗಿಯನ್ನು ಮಧ್ಯಮಪುರುಷನಾಗಿ ಉಳಿಸಿಕೊಳ್ಳುವುದನ್ನು. ದುಃಖದ ಸುದ್ದಿ ಹೇಳುವುದಕ್ಕೆ 2000ದಲ್ಲಿ ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮೊದಲಾದ ಕ್ಯಾನ್ಸರ್ ಚಿಕಿತ್ಸೆಯ ಕ್ಷೇತ್ರದವರು ಆರು ಹಂತಗಳ ಕ್ರಮವೊಂದನ್ನು ಪ್ರಕಟಿಸಿದರು. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಹಂತ ಮೂರನೆಯದು: ಹೇಳುವುದಕ್ಕೆ ಮೊದಲು, ನೀವು ಎಷ್ಟು ತಿಳಿದುಕೊಳ್ಳಲು ಬಯಸುತ್ತೀರಿ ಎಂದು ರೋಗಿಯನ್ನೇ ಕೇಳುವುದು. ಹೇಳಬೇಕೋ ಹೇಳಬಾರದೋ ಎಂದು ನಾವು ಮನೆಯವರು ಹೊರಗೆ ನಿಂತು ಜಗಳವಾಡುತ್ತೇವೆ. ಅಣ್ಣನವರನ್ನು ಹೀಗೆ ಕೇಳಿದ್ದರೆ “ಎಲ್ಲಾ ಹೇಳ್ರಿ” ಎನ್ನುತ್ತಿದ್ದರು. “ನನ್ನ ತಮ್ಮಗ ಹೇಳ್ರಿ, ನನಗ ಬ್ಯಾಡ” ಎಂದಿದ್ದರೂ ಅದು ಅವರ ತೀರ್ಮಾನವಾಗುತ್ತಿತ್ತು.

ನಮ್ಮ ಶಾಸ್ತ್ರಗಳಲ್ಲಿ ಇದೆಲ್ಲ ಮೊದಲೇ ಇದೆಯೆಂದು ಹೇಳುವ ವಾಡಿಕೆ ನಮ್ಮವರಲ್ಲಿ ಉಂಟು. ಅರ್ಧ ಇದೆ, ಅರ್ಧ ಇಲ್ಲ. ವೈದ್ಯನಿಗೆ ಮೈತ್ರಿಯೂ ಕಾರುಣ್ಯವೂ ಬೇಕೆಂದು ಚರಕಸಂಹಿತೆ ಹೇಳುತ್ತದೆ. ದರ್ಶನ, ಸ್ಪರ್ಶನಗಳೊಡನೆ ಪ್ರಶ್ನವನ್ನೂ ಪರೀಕ್ಷೆಯೆಂದು ವಾಗ್ಭಟನು ಎಣಿಸುತ್ತಾನೆ. ಆದರೆ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದಾದ ರೋಗಿಗೆ ಇರಬೇಕಾದ ಗುಣಗಳನ್ನು ಚರಕಸಂಹಿತೆ ಎಣಿಸುವಾಗ ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭೀತಿ ಇವುಗಳ ಜತೆಗೆ ಜ್ಞಾಪಕತ್ವವನ್ನು, ಎಂದರೆ ತನ್ನ ರೋಗವನ್ನು ತಿಳಿಸಿಹೇಳುವ ಶಕ್ತಿಯನ್ನು ಸೇರಿಸಿದೆ. ಹೇಳುವ ಭಾರವನ್ನು ರೋಗಿಯ ಮೇಲಿಟ್ಟಿತು; ಹೇಳಿಸಿಕೊಳ್ಳುವ ಭಾರವನ್ನು ವೈದ್ಯನ ಮೇಲೆ ಅಷ್ಟು ಸ್ಪಷ್ಟವಾಗಿ ಇಡಲಿಲ್ಲ. ನಮ್ಮ ಅಣ್ಣನವರಲ್ಲಿ ಜ್ಞಾಪಕತ್ವ ಸಂಪೂರ್ಣವಾಗಿತ್ತು. ತಿಥಿ ಸಹಿತ ಆರಂಭಿಸಿದ್ದರು.

ಇದಕ್ಕೆ ವೈದ್ಯಮಿತ್ರರು ಕೊಡುವ ಉತ್ತರ ಒಂದೇ: ಸಮಯವಿಲ್ಲ. ಈ ಉತ್ತರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬವರು 74 ಭೇಟಿಗಳನ್ನು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿ ಮಾತು ತೆಗೆದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯನು ನಡುವೆ ಬಾಯಿ ಹಾಕಿದ್ದು ಕಂಡುಬಂದಿತು. ತಡೆಯದೆ ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತನಾಡುತ್ತಾನೆ? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 335 ರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸರಾಸರಿ 92 ಸೆಕೆಂಡು. ನೂರಕ್ಕೆ 78 ಮಂದಿ ಎರಡು ನಿಮಿಷದೊಳಗೆ ತಾವಾಗಿಯೇ ಮುಗಿಸಿದರು. ಇದನ್ನು ತೋರಿಸಿ ವಾದದಲ್ಲಿ ಗೆದ್ದೆನೆಂದು ಬೀಗಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬರು, ಈಗ ತಾಲ್ಲೂಕು ಕೇಂದ್ರದಲ್ಲಿ ವೈದ್ಯರು, ನನ್ನ ಬಾಯಿ ಮುಚ್ಚಿಸಿದರು. ಹಲವಾರು ದೇಶಗಳ ಲೆಕ್ಕವನ್ನು ಒಟ್ಟುಮಾಡಿ 2017ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ ಭಾರತದ ಪ್ರಾಥಮಿಕ ಚಿಕಿತ್ಸೆಯ ಭೇಟಿ ಇಡಿಯಾಗಿ ಸುಮಾರು ಎರಡೇ ನಿಮಿಷದ್ದೆಂದಿದೆ. ಸ್ವೀಡನ್ನಿನಲ್ಲಿ ಅದು 22 ನಿಮಿಷಕ್ಕೂ ಮಿಕ್ಕಿದ್ದು. “ಗುರುಗಳೇ, 92 ಸೆಕೆಂಡು ಅವರ ಮಾತಿಗೆ ಹೋದರೆ ನಾಡಿ ಹಿಡಿಯುವುದು ಯಾವಾಗ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ವೈದ್ಯರ ಸಂಖ್ಯೆ ಹೆಚ್ಚದೆ ಇದು ಪೂರ್ತಿ ಬಗೆಹರಿಯುವುದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೂ ಅಣ್ಣನವರ ಗಂಟಲಿನ ಔಷಧಿಗಾಗಿ ನಾವು ಮತ್ತೆ ಮತ್ತೆ ಹೋದ ನಾಲ್ಕು ಭೇಟಿಗಳ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ವಾದ, ಮಾತು ಅನುಭವದಿಂದ ತಾನೇ ಬರುತ್ತದೆ, ಕಲಿಸುವುದೇನಿದೆ ಎಂಬುದು. ಇದು ನನಗೆ ಪೂರ್ತಿ ಅಸಮ್ಮತ. ‘ಳ’ಕಾರವನ್ನು ‘ಲ’ಕಾರವಾಗಿ ಓದುವ ಹುಡುಗನನ್ನು ತಿದ್ದದೆ ಬಿಟ್ಟರೆ ಇಪ್ಪತ್ತು ವರ್ಷದ ಅನುಭವದಿಂದ ಅವನು ತಪ್ಪನ್ನೇ ನಿರರ್ಗಳವಾಗಿ ಓದುತ್ತಾನೆ. ತಿದ್ದುವವರು ಪಕ್ಕದಲ್ಲಿರಬೇಕು. ಈಗ ನಡೆಯುತ್ತಿರುವ ಪಾಠದ ಬಗ್ಗೆ ನನ್ನ ಅತೃಪ್ತಿಯೂ ಅದೇ. ಆರಂಭದಲ್ಲಿ ಒಂದಷ್ಟು ಗಂಟೆ ಕನ್ನಡ, ಆಗ ಅವರ ಮುಂದೆ ರೋಗಿಯೇ ಇರುವುದಿಲ್ಲ. ರೋಗಿಯ ಬಳಿಗೆ ಹೋಗುವ ಮುಂದಿನ ವರ್ಷಗಳಲ್ಲಿ ಸಂವಹನದ ಪಾಠವುಂಟು, ಕನ್ನಡವಿಲ್ಲ. ದುಃಖದ ಸುದ್ದಿಯ ಆರು ಹಂತಗಳನ್ನು ಇಂಗ್ಲಿಷಿನಲ್ಲಿ ಬರೆದು ಅಂಕ ಪಡೆದ ವಿದ್ಯಾರ್ಥಿನಿಯನ್ನು, ಅದರಲ್ಲಿ ಒಂದು ಹಂತವನ್ನು ಕನ್ನಡದಲ್ಲಿ ಹೇಳಮ್ಮ ಎಂದೆ. ತಬ್ಬಿಬ್ಬಾದಳು. ಆಕೆ ನಮ್ಮ ಜಿಲ್ಲೆಯವಳೇ.

ಆದುದರಿಂದ ಕನ್ನಡದ ಅಧ್ಯಾಪಕನು ವೈದ್ಯಶಿಕ್ಷಕನ ಜತೆಯಲ್ಲಿ ವಾರ್ಡಿನಲ್ಲಿ ನಿಲ್ಲತಕ್ಕದ್ದು. ವಿದ್ಯಾರ್ಥಿ ರೋಗಿಯೊಡನೆ ಮಾತನಾಡಿದ ಅನಂತರ ಇಬ್ಬರೂ ಕೂಡಿ ತಿದ್ದತಕ್ಕದ್ದು. ಪರೀಕ್ಷೆ ಬಾಯಲ್ಲಿ, ಕನ್ನಡದಲ್ಲಿ ನಡೆಯಲಿ. ರೋಗಿಯ ‘ಹೂಂ’ ಎಂಬುದನ್ನು ತಿಳಿಯಿತೆಂದು ಎಣಿಸದೆ, “ಮನಿಗೆ ಹೋಗಿ ಸೊಸಿಗೆ ಹೆಂಗ ಹೇಳ್ತೀರಿ, ನನಗೊಮ್ಮೆ ಹೇಳ್ರಿ” ಎಂದು ಕೇಳಿದವನಿಗೆ ಅಂಕ ಸಿಗಲಿ. ಆಯೋಗವು 2022ರಿಂದ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಭೇಟಿ ಮಾಡುತ್ತಿರಬೇಕೆಂಬ ಕ್ರಮವನ್ನು ಜಾರಿಗೆ ತಂದಿದೆ. ಭಾಷೆಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ. ಅಲ್ಲಿಗೂ ಒಬ್ಬ ಕನ್ನಡದ ಮೇಷ್ಟ್ರನ್ನು ಕಳಿಸಲಿ. ದಾನಿಗಳಲ್ಲಿಯೂ ಒಂದು ಬಿನ್ನಹ. ಯಂತ್ರಗಳಿಗೆ, ಕಟ್ಟಡಗಳಿಗೆ ತಾವು ಕೊಟ್ಟದ್ದು ದೊಡ್ಡದು. ಮುಂದಿನ ಸಲ ಪ್ರತಿ ಹಾಸಿಗೆಗೆ ಒಂದು ಪರದೆ, ವೈದ್ಯರು ಕುಳಿತು ಮಾತನಾಡಲು ಒಂದು ಸ್ಟೂಲು, ಇಷ್ಟನ್ನು ಕೊಡಿಸಿರಿ. ಕಲ್ಲಿನಲ್ಲಿ ಹೆಸರು ಕೆತ್ತಿಸಲು ಸ್ಟೂಲಿನಲ್ಲಿ ಜಾಗ ಇರುವುದಿಲ್ಲ, ಕ್ಷಮಿಸಬೇಕು.

ಹೊರರೋಗಿಗಳ ವಿಭಾಗದಲ್ಲಿ ಆರಂಭಿಸಿದ ನೋಟುಪುಸ್ತಕ ಈಗ ಮೂರನೆಯದಾಗಿದೆ. ಜಿಲ್ಲೆ ಜಿಲ್ಲೆಗೂ ಮಾತು ಬದಲಾಗುವುದರಿಂದ ಒಬ್ಬನ ಕೈಲಾಗುವ ಕೆಲಸ ಇದಲ್ಲ. ಈ ಶಾಲೆಯಲ್ಲಿ ಓದಿ ನಾನಾ ಊರುಗಳಲ್ಲಿ ವೈದ್ಯರಾಗಿ, ನರ್ಸುಗಳಾಗಿ, ಔಷಧಿ ಅಂಗಡಿಯವರಾಗಿ ಇರುವವರು ತಮ್ಮ ರೋಗಿಗಳು ಆಡಿದ ಮಾತನ್ನು, ರೋಗಿಯ ಹೆಸರಿಲ್ಲದೆ, ಆಡಿದಂತೆಯೇ ಒಂದು ಕಾಗದದಲ್ಲಿ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಿಕೊಡಬೇಕು. ‘ಜೀವ ಕಳವಳಸತೈತಿ’ ಎಂದು ಒಬ್ಬ ತಾಯಿ ಹೇಳಿದ್ದನ್ನು ಬರೆದುಕೊಂಡು ಎರಡು ವರ್ಷವಾಯಿತು. ಐವರು ವೈದ್ಯರು ಅದಕ್ಕೆ ಐದು ಅರ್ಥ ಹೇಳಿದ್ದಾರೆ. ಎದುರಿನ ಜಾಗವನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ.